ಕಂಬಳಿ ಹೊದಿಕೆಯ ಪುಸ್ತಕ

ನಾನು ಕೈಯಾರೆ ಹೊಲಿದ ಖಾಲಿ ಹಾಳೆಯ ಪುಸ್ತಕವೊಂದು ತಾಂಡೂರಿನಲ್ಲಿ ನನ್ನ ತಂಗಿಯ ಮನೆಯ ಶೋಕೇಸಿನಲ್ಲಿದೆ. ಒಂದು ಕಡೆ ಗಾಜಿನ ನವಿಲು, ಇನ್ನೊಂದು ಕಡೆ ಅವಳ ಗಂಡನಿಗೆ ಕಬಡ್ಡಿಯಲ್ಲಿ ಬಂದ ಬಹುಮಾನ, ನಡುವೆ ನನ್ನ ಪುಸ್ತಕ. ಕೊಟ್ಟು ಮೂರು ವರ್ಷವಾಯಿತು, ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕೂಡ ಬಿಚ್ಚಿಲ್ಲ. ಯಾಕೆ ಏನೂ ಬರೆದಿಲ್ಲ ಎಂದು ಕೇಳಿದರೆ, ಇಷ್ಟು ಚಂದದ್ದನ್ನು ಬರೆದು ಕೆಡಿಸುವುದುಂಟೇ, ಬಂದವರಿಗೆಲ್ಲ ತೋರಿಸುತ್ತೇನೆ ಎಂದಳು. ಅದನ್ನು ಹೊಗಳಿಕೆ ಎಂದುಕೊಂಡಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು. ತೋರಿಸುವುದಕ್ಕೆ ಗಾಜಿನ ನವಿಲು ಇದೆಯಲ್ಲ, ಅದು ಸಾಲದೇ?

ಅವಳೊಬ್ಬಳೇ ಅಲ್ಲ. ನಾನು ಪುಸ್ತಕ ಕೊಟ್ಟವರದೆಲ್ಲ ಇದೇ ಕಥೆ. ಒಬ್ಬರ ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಮಲಗಿದೆ, ಇನ್ನೊಬ್ಬರ ಮನೆಯಲ್ಲಿ ಟಿವಿಯ ಕೆಳಗೆ ಕರವಸ್ತ್ರ ಹೊದ್ದು ಕೂತಿದೆ. ಬರೆಯಿರಿ ಎಂದು ಹೇಳಿ ಹೇಳಿ ನನ್ನ ನಾಲಿಗೆ ಒಣಗಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಆಯಿತು.

ನಾನಿರುವುದು ಜಹೀರಾಬಾದಿನಲ್ಲಿ, ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ದಿನವಿಡೀ ಊರವರ ಅರ್ಜಿ, ಆಧಾರ್ ಕಾರ್ಡು, ಜಮೀನಿನ ಕಾಗದ. ಈ ಪುಸ್ತಕ ಹೊಲಿಯುವ ಹುಚ್ಚು ಹತ್ತಿದ್ದು ಅಂಗಡಿಯ ಎದುರಿಗೆ ಕೂತು ರಿಜಿಸ್ಟರುಗಳಿಗೂ ಹಳೆಯ ಉರ್ದು ಪುಸ್ತಕಗಳಿಗೂ ರಟ್ಟು ಕಟ್ಟುತ್ತಿದ್ದ ವಯಸ್ಸಾದ ಚಾಚಾನಿಂದ. ನಾನು ಕೇಳಿ ಕಲಿಯಲಿಲ್ಲ, ಕೇಳುವುದು ನನ್ನ ಜಾಯಮಾನವಲ್ಲ. ಗಿರಾಕಿ ಇಲ್ಲದಾಗ ದೂರದಿಂದ ನೋಡಿ ನೋಡಿ ಕಲಿತೆ. ಹಾಗಾಗಿ ಹೊದಿಕೆಯ ಚಿತ್ರ ನೆಟ್ಟಗಿರುವಂತೆ ಹಿಡಿದರೆ ನನ್ನ ಮೊದಲ ಐದಾರು ಪುಸ್ತಕಗಳೆಲ್ಲ ಉರ್ದು ಪುಸ್ತಕದ ಹಾಗೆ ಬಲಗಡೆಯಿಂದ ತೆರೆದುಕೊಂಡವು. ಚಾಚಾ ಒಂದನ್ನು ಕೈಗೆ ತೆಗೆದುಕೊಂಡು, ಕೆಲಸ ಚೆನ್ನಾಗಿದೆ ಮಗಳೇ, ಆದರೆ ನಿಮ್ಮ ಭಾಷೆಯವರು ಇದನ್ನು ತಲೆಕೆಳಗು ಹಿಡಿದು ಬರೆಯಬೇಕಾಗುತ್ತದೆ ಎಂದು ನಕ್ಕ. ಆಮೇಲೆ ಅವನೇ ಕೂರಿಸಿಕೊಂಡು ಸರಿಯಾಗಿ ಹೇಳಿಕೊಟ್ಟ.

ಇದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಅಂಗಡಿಯ ಹಾಳೆಗಳನ್ನು ನಾಲ್ಕು ನಾಲ್ಕು ಸೇರಿಸಿ ನಡುವೆ ಮಡಚಬೇಕು, ಮಡಿಕೆಯಲ್ಲಿ ದಬ್ಬಣದಿಂದ ತೂತು ಹಾಕಬೇಕು, ಮೇಣ ಸವರಿದ ದಾರದಿಂದ ಹೊಲಿಯಬೇಕು. ಸೀರೆಯ ಡಬ್ಬದ ರಟ್ಟಿಗೆ ಮೈದಾ ಅಂಟು ಹಚ್ಚಿ ಮೇಲೆ ಬಟ್ಟೆ ಎಳೆದು ಕೂರಿಸಿ, ಒಣಗುವ ತನಕ ಭಾರ ಹೇರಿಡಬೇಕು. ಭಾರಕ್ಕೆಂದು ತಂಗಿಯ ಮನೆಯಿಂದ ಎರಡು ತುಂಡು ನೆಲಹಾಸಿನ ಕಲ್ಲು ತಂದಿದ್ದೆ. ಊರೆಲ್ಲ ಸಿಮೆಂಟು ಮೂಟೆ, ಕೋಳಿ ಪಂಜರ ಹೊತ್ತು ಬಸ್ ಹತ್ತುತ್ತದೆ, ಕಂಡಕ್ಟರನಿಗೆ ಕಣ್ಣು ಬಿದ್ದದ್ದು ನನ್ನ ಎರಡು ಕಲ್ಲಿನ ಮೇಲೆ. ಅವನ ಜೊತೆ ಕೊಹೀರಿನ ತನಕ ಜಗಳವಾಡಿದೆ.

ಇಷ್ಟೆಲ್ಲ ಒದ್ದಾಟ ಕೊನೆಗೆ ಒಬ್ಬಳಿಗಾಗಿ ಆಯಿತು, ಅವ್ವನಿಗಾಗಿ. ಅವ್ವ ಸಿರ್ಗಾಪುರದ ಹತ್ತಿರ ನಮ್ಮೂರಿನಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾಳೆ. ನಮ್ಮದು ಕುರಿ ಸಾಕುವ ಮನೆ. ಅಪ್ಪ ಇದ್ದಾಗ ಅವ್ವ ಅಪ್ಪ ಇಬ್ಬರೂ ವರ್ಷದಲ್ಲಿ ಆರು ತಿಂಗಳು ಹಿಂಡಿನ ಹಿಂದೆ ನಡೆಯುತ್ತಿದ್ದರಂತೆ, ಕಂಡವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ, ಅವರು ಕೊಟ್ಟ ಜೋಳ ಉಂಡು, ಮತ್ತೆ ಮುಂದಕ್ಕೆ. ಯಾವ ಹಳ್ಳದಲ್ಲಿ ನೀರು, ಯಾವ ಊರಿನ ಗೌಡ ಒಳ್ಳೆಯವನು, ಯಾವ ದಾರಿಯಲ್ಲಿ ತೋಳ, ಎಲ್ಲ ಅವ್ವನ ತಲೆಯಲ್ಲಿದೆ. ಮತ್ತು ಅವ್ವನಿಗೆ ಬರೆಯಲು ಬರುತ್ತದೆ. ನಾನು ಬೀದರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವಳು. ರಜೆಗೆ ಬಂದಾಗ ನನ್ನ ಪಾಟಿ ಕಸಿದುಕೊಂಡು ಅವ್ವ ಅಕ್ಷರ ತಿದ್ದುತ್ತಿದ್ದಳು. ರೊಟ್ಟಿಯಷ್ಟು ದೊಡ್ಡ ದೊಡ್ಡ ಅಕ್ಷರ, ಆದರೆ ತಪ್ಪಿಲ್ಲದ ಅಕ್ಷರ.

ಎರಡು ವರ್ಷದ ಹಿಂದೆ ಅವ್ವನ ಬಲಗೈ ಸಣ್ಣಗೆ ನಡುಗಲು ಶುರುವಾಯಿತು. ನಾರಾಯಣಖೇಡದ ಡಾಕ್ಟರು ಗುಳಿಗೆ ಕೊಟ್ಟು, ಇದು ಬರುಬರುತ್ತ ಹೆಚ್ಚಾಗುತ್ತದೆ, ಗಾಬರಿಯಾಗಬೇಡಿ ಎಂದರು. ಗಾಬರಿಯಾಗಬೇಡಿ ಎಂದರೆ ಆಗದೇ ಇರುತ್ತದೆಯೇ? ಆ ಕೈ ಪೂರ್ತಿ ಹೋಗುವ ಮೊದಲು ಅವಳು ತನ್ನ ನಡಿಗೆಯ ವರ್ಷಗಳನ್ನು ತಾನೇ ಬರೆಯಬೇಕು ಎಂದು ನನ್ನ ಹಟ. ಅವಳ ಮಾತನ್ನು ಫೋನಿನಲ್ಲಿ ಹಿಡಿದಿಡು ಎಂದು ಎಲ್ಲರೂ ಹೇಳಿದರು. ಹಿಡಿದು ನೋಡಿದೆ. ಫೋನು ಮುಂದಿಟ್ಟರೆ ಅವ್ವ ಆಚೆ ಯಾರೋ ಇದ್ದಾರೆಂದು ಊಟ ಆತೇನ್ರಿ ಎಂದು ಕೇಳುತ್ತಾಳೆ, ಆಮೇಲೆ ಸುಮ್ಮನಾಗುತ್ತಾಳೆ. ಅಲ್ಲದೆ ನನಗೆ ಬೇಕಾಗಿದ್ದು ಅವಳ ದನಿಯಲ್ಲ, ನನ್ನ ಪಾಟಿಯ ಮೇಲೆ ಮೂಡುತ್ತಿದ್ದ ಆ ಅಕ್ಷರ.

ಅವಳ ಪುಸ್ತಕಕ್ಕೆ ಎಲ್ಲಕ್ಕಿಂತ ಚಂದದ ಹೊದಿಕೆ ಹಾಕಬೇಕೆಂದು ಮನೆಯ ಹಳೆಯ ಕರಿ ಕಂಬಳಿಯ ಒಂದು ತುಂಡು ತಂದೆ. ಕಂಬಳಿ ರಟ್ಟಿಗೆ ಅಂಟುವುದಿಲ್ಲ, ಅಂಟಿದರೆ ಮೂಲೆಯಲ್ಲಿ ಉಬ್ಬುತ್ತದೆ, ಕತ್ತರಿಸಿದರೆ ಎಳೆ ಎಳೆ ಬಿಚ್ಚಿಕೊಳ್ಳುತ್ತದೆ. ಮೂರು ಭಾನುವಾರ ಅದರ ಜೊತೆ ಗುದ್ದಾಡಿದೆ. ಅಂಚಿಗೆ ಕೆಂಪು ದಾರದಿಂದ ಹೊಲಿಗೆ ಹಾಕಿದ ಮೇಲೆ, ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟು ಚೆನ್ನಾಗಿ ಬಂತು. ಮಹಾನವಮಿಗೆ ಮುಂಚೆ ಒಯ್ದು ಅವ್ವನ ಕೈಗಿಟ್ಟೆ. ಅವಳು ಕಣ್ಣಿಗೊತ್ತಿಕೊಂಡಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ದೀಪಾವಳಿಗೆ ಹೋದಾಗ ಪುಸ್ತಕ ದೇವರ ಮಾಡದಲ್ಲಿತ್ತು. ಪಕ್ಕದಲ್ಲಿ ಉಣ್ಣೆ ಕತ್ತರಿಸುವ ಕತ್ತರಿ, ಪುಸ್ತಕದ ನಾಲ್ಕೂ ಮೂಲೆಗೆ ಅರಿಸಿನ, ನಡುವೆ ಕುಂಕುಮ, ಮೇಲೆ ಬಾಡಿದ ಚೆಂಡುಹೂ. ಒಂದಕ್ಷರ ಬರೆದಿರಲಿಲ್ಲ. ನಾನು ಸಿಡಿಮಿಡಿಗೊಂಡಿದ್ದು ಕಂಡು ಅವ್ವ ನನ್ನನ್ನೇ ಪಾಪ ಎನ್ನುವ ಹಾಗೆ ನೋಡಿದಳು.

"ದೇವ್ರು ಕೂಡೋ ಕಂಬಳಿ ಹಚ್ಚಿ ತಂದೀದಿ. ಅದರಾಗ ನಾ ಏನ್ ಬರೀಲಿ ಯವ್ವಾ?"

ಅವಳ ಮಾತು ಸರಿಯಾಗಿಯೇ ಇತ್ತು. ನಮ್ಮ ಮನೆಯಲ್ಲಿ ಯಾವ ಪೂಜೆಯಾದರೂ ಮೊದಲು ಕಂಬಳಿಯ ಗದ್ದುಗೆ ಹಾಸಿ ಅದರ ಮೇಲೆ ದೇವರನ್ನು ಕೂರಿಸುತ್ತಾರೆ. ಅದನ್ನು ತುಳಿಯುವಂತಿಲ್ಲ, ದಾಟುವಂತಿಲ್ಲ. ಕುರಿಗಾರರ ಮನೆಯಲ್ಲಿ ಹುಟ್ಟಿ, ಆ ಗದ್ದುಗೆಯ ಮುಂದೆ ಕೈಮುಗಿದು ಬೆಳೆದವಳು ನಾನು, ನನಗೇ ಹೊಳೆಯಲಿಲ್ಲ. ಹೊದಿಕೆ ಚಂದ ಕಾಣಲಿ ಎನ್ನುವುದರಲ್ಲೇ ಬುದ್ಧಿ ಮುಳುಗಿತ್ತು. ಅದರ ಮೇಲೆ ಇನ್ನೊಂದು ಎಡವಟ್ಟು. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕು, ಇಲ್ಲದಿದ್ದರೆ ಹುಳ ತಿನ್ನುತ್ತದೆ ಎಂದು ಚಾಚಾ ಹೇಳಿದ್ದ. ಅಡುಗೆಯ ಪಾತ್ರೆಯಲ್ಲಿ ಅಂಟು ಕಾಯಿಸುವ ನಾನು ಆ ವಿಷ ಬೇಡವೆಂದು ಬಿಟ್ಟಿದ್ದೆ. ದೇವರ ಮಾಡದ ಬೆಲ್ಲಕ್ಕೆ ಬಂದ ಜಿರಳೆಗಳು ಬೆಲ್ಲದ ಜೊತೆ ನನ್ನ ಮೈದಾ ಅಂಟನ್ನೂ ತಿಂದು, ಸಂಕ್ರಾಂತಿಯ ಹೊತ್ತಿಗೆ ರಟ್ಟು ಬೇರೆ ಹಾಳೆ ಬೇರೆ ಆಗಿತ್ತು.

ಎರಡನೆಯ ಪುಸ್ತಕಕ್ಕೆ ಅವಳದೇ ಹಳೆಯ ಹಸಿರು ಸೀರೆ ಹಚ್ಚಿದೆ. ಅದು ಟ್ರಂಕು ಸೇರಿತು. ಮೂರನೆಯದಕ್ಕೆ ಏನೂ ಹಚ್ಚಲಿಲ್ಲ, ಬರಿಯ ಖಾಕಿ ಕಾಗದ. ಮೊದಲ ಪುಟದ ನೆತ್ತಿಯಲ್ಲಿ ಶ್ರೀ ಎಂದು ಬರೆದು ಮುಚ್ಚಿಟ್ಟಳು. ಪ್ರತಿಸಲ ಹೋದಾಗಲೂ ನಾನು ಕೇಳುವುದು, ಪ್ರತಿಸಲವೂ ಅವಳು ನಾಳೆ ಬರೀತೀನಿ ಎನ್ನುವುದು. ಬರೆಯಲಿಕ್ಕೆ ಆಗದೆ ಅಲ್ಲ. ಕುರಿದೊಡ್ಡಿಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದಳು. ಯಾವ ಮರಿಗೆ ಯಾವತ್ತು ಔಷಧ ಕುಡಿಸಿದ್ದು, ಯಾವ ಕುರಿ ಈಯುವುದಿದೆ, ಕುಂಟ ಟಗರಿಗೆ ಈಗ ಹೇಗಿದೆ. ಆ ಗೋಡೆಯನ್ನು ಮೊಬೈಲಿನಲ್ಲಿ ಹಿಡಿಯಬೇಕು ಎಂದುಕೊಂಡು ಮುಂದಿನ ಸಲಕ್ಕೆ ಬಿಟ್ಟೆ. ಮುಂದಿನ ಸಲ ಹೋಗುವುದರಲ್ಲಿ ತಮ್ಮ ಯುಗಾದಿಗೆಂದು ದೊಡ್ಡಿಗೆಲ್ಲ ಸುಣ್ಣ ಬಳಿಸಿದ್ದ. ಬೆಳ್ಳಗೆ ಹೊಳೆಯುತ್ತಿದ್ದ ಆ ಗೋಡೆಯ ಮುಂದೆ ನಿಂತು ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಸುಣ್ಣ ಹೊಡೆದದ್ದಕ್ಕೆ ಇವಳಿಗೇನು ಸಂಕಟ ಎಂದು ಅವನು ಹೆಂಡತಿಯ ಮುಖ ನೋಡಿದ.

ಅವತ್ತು ಸಿಟ್ಟು ಅವ್ವನ ಮೇಲೂ ತಿರುಗಿತು. ಗೋಡೆಗೆ ಬರೆಯುತ್ತೀ, ಕ್ಯಾಲೆಂಡರಿನ ಹಿಂದೆ ಬರೆಯುತ್ತೀ, ಗುಳಿಗೆಯ ಡಬ್ಬದ ಮೇಲೆ ಬರೆಯುತ್ತೀ, ಮಗಳು ಕಣ್ಣು ಕೆಡಿಸಿಕೊಂಡು ಹೊಲಿದು ತಂದಿದ್ದಕ್ಕೆ ಮಾತ್ರ ನಿನ್ನ ಕೈ ಬರುವುದಿಲ್ಲ ಎಂದೆಲ್ಲ ಅಂದೆ. ಇನ್ನೊಂದು ವರ್ಷಕ್ಕೆ ಆ ಕೈಯೂ ಇರುವುದಿಲ್ಲ ಎಂದುಬಿಟ್ಟೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ತಮ್ಮನ ಹೆಂಡತಿ ಮೆಲ್ಲಗೆ, ಇರಲಿ ಬಿಡ್ರಿ ಅಕ್ಕಾ ಎಂದಳು. ಅವ್ವ ಸಿಟ್ಟು ಮಾಡಲಿಲ್ಲ. ನಡುಗುವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ನಾನು ಬಸ್ಸಿಗೆ ಹೊರಡುವಾಗ ಒಂದೇ ಮಾತು ಕೇಳಿದಳು.

"ನೀ ಇಷ್ಟ್ ಪುಸ್ತಕ ಹೊಲೀತಿ. ನೀ ಬರ್ದಿದ್ದು ಒಂದ್ ತಂದ್ ತೋರ್ಸು. ಅದ್ನೋಡಿ ನಾ ಬರೀತೀನಿ."

ಅದಕ್ಕೇನಂತೆ ಎಂದು ಬಿರುಸಿನಲ್ಲಿ ಮನೆಗೆ ಬಂದೆ. ಬೀರುವಿನ ಮೇಲಿನ ಖಾನೆಯಲ್ಲಿ ನನ್ನವೇ ಹನ್ನೆರಡು ಪುಸ್ತಕಗಳಿದ್ದವು. ಒಂದೊಂದೇ ಇಳಿಸಿ ತೆರೆದೆ. ಎಲ್ಲ ಖಾಲಿ. ಲುಂಗಿ ಬಟ್ಟೆಯದು ಖಾಲಿ, ಹೂವಿನ ಅಂಚಿನದು ಖಾಲಿ, ಅಂಗೈಯಷ್ಟು ಸಣ್ಣದು ಕೂಡ ಖಾಲಿ. ಒಳ್ಳೆಯದೇನಾದರೂ ಹೊಳೆದಾಗ ಬರೆದರಾಯಿತು ಎಂದು ಇಟ್ಟುಕೊಂಡವು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಊರವರನ್ನೆಲ್ಲ ಬೈದುಕೊಂಡು ತಿರುಗಿದ ನನಗೆ ನನ್ನ ಮುಖ ನೋಡಿಕೊಳ್ಳಲು ನಾಚಿಕೆಯಾಯಿತು.

ಹಾಗೆಂದು ಪೆನ್ನು ಹಿಡಿದ ಕೂಡಲೇ ಬರೆಯಲಾಯಿತೇ? ಇಲ್ಲ. ಬಿಳಿ ಹಾಳೆ ಕಂಡರೆ ನನ್ನ ಕೈಯೂ ಹಿಂದೆ ಸರಿಯಿತು. ವಾರಗಟ್ಟಲೆ ಹಾಗೇ ಹೋಯಿತು, ನಡುವೆ ನನ್ನ ಮಗಳ ಪರೀಕ್ಷೆ ಎಂಬ ನೆಪ ಬೇರೆ. ಕೊನೆಗೊಂದು ಭಾನುವಾರ, ಹೊಲಿಗೆ ಸೊಟ್ಟಗಾಗಿ ಮೂಲೆಗೆಸೆದಿದ್ದ ಒಂದನ್ನು ತೆಗೆದುಕೊಂಡು, ಏನಾದರಾಗಲಿ ಎಂದು ಸಿಟ್ಟನ್ನೇ ಬರೆದೆ. ನಮ್ಮವ್ವ ಹಟಮಾರಿ ಎಂದು ಶುರು ಮಾಡಿದೆ. ಅವಳಿಗೆ ನನಗಿಂತ ಕುರಿಯೇ ಹೆಚ್ಚು ಎಂದು ಬರೆದೆ. ಚಿಕ್ಕವಳಿದ್ದಾಗಿನಿಂದ ನೆಂಟರೆಲ್ಲ ನನ್ನನ್ನು ಬುಟ್ಟಿಯ ಮರಿ ಎಂದು ಚುಡಾಯಿಸುತ್ತಾರೆ. ಹಿಂಡು ನಡೆಯುವಾಗ ಆಗಷ್ಟೇ ಹುಟ್ಟಿದ ಕುರಿಮರಿಗಳನ್ನು ಬುಟ್ಟಿಯಲ್ಲಿ ತುಂಬಿ ಕತ್ತೆಯ ಮೇಲೆ ಹೇರುತ್ತಿದ್ದರಂತೆ, ಕೈಗೂಸಾಗಿದ್ದ ನನ್ನನ್ನೂ ಅವುಗಳ ಜೊತೆ ಹಾಕುತ್ತಿದ್ದರಂತೆ. ಎಲ್ಲರ ಜೊತೆ ನಾನೂ ನಗುತ್ತೇನೆ, ಆದರೆ ಆ ಮಾತು ಒಳಗೊಳಗೇ ಚುಚ್ಚುತ್ತದೆ. ಅದನ್ನೂ ಬರೆದೆ. ಹೆತ್ತ ಮಗಳನ್ನು ಕುರಿಮರಿಗಳ ಬುಟ್ಟಿಯಲ್ಲಿ ಹಾಕಿದವಳು ನನ್ನ ಪುಸ್ತಕವನ್ನು ಹೇಗೆ ಕಂಡಾಳು ಎಂದು ಬರೆದು ಮುಗಿಸಿದೆ.

ಊರಿಗೆ ಹೋದಾಗ ಮಧ್ಯಾಹ್ನ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಕೈ ಈಗ ತೊಡೆಯ ಮೇಲಿಟ್ಟರೂ ನಿಲ್ಲುತ್ತಿರಲಿಲ್ಲ. ಸೊಟ್ಟ ಪುಸ್ತಕವನ್ನು ಮುಂದಿಟ್ಟು, ತಗೋ, ನಾನು ಬರೆದದ್ದು ಎಂದೆ. ಅವಳು ಎಡಗೈ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಹಟಮಾರಿ ಎಂಬಲ್ಲಿ ತಮ್ಮನ ಹೆಂಡತಿ ಬಾಯಿಗೆ ಸೆರಗು ಹಿಡಿದಳು. ಬುಟ್ಟಿಯ ಮಾತಿಗೆ ಬಂದಾಗ ಬೆರಳು ನಿಂತಿತು. ಆ ಸಾಲನ್ನು ಎರಡು ಸಲ ಓದಿದಳು. ಇದನ್ನು ಯಾರು ಹೇಳಿದರು ಎಂದು ಕೇಳಿದಳು. ಎಲ್ಲರೂ ಹೇಳುತ್ತಾರಲ್ಲ ಎಂದೆ.

"ಪೆನ್ನ ಕೊಡು."

ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದು, ನನ್ನ ಸಾಲಿನ ಕೆಳಗೆ ಬರೆಯತೊಡಗಿದಳು. ಪೆನ್ನು ಹಾಳೆಯ ಮೇಲೆ ಎತ್ತಲೋ ಹೋಗುತ್ತಿತ್ತು, ಮತ್ತೆ ಎಳೆದು ತರುತ್ತಿದ್ದಳು. ನಾನು ಕೈ ಹಿಡಿಯಲು ಹೋದರೆ ಮೊಣಕೈಯಿಂದ ನೂಕಿದಳು. ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಅಷ್ಟು ಹೊತ್ತಿಗೆ ಅವಳು ಬರೆದದ್ದು ಎರಡು ಸಾಲು. ಬುಟ್ಯಾಗ ಮರಿ. ನೀ ನನ್ನ ಬೆನ್ನ ಮ್ಯಾಲ.

ನಾನು ಒಂದೇ ಉಸಿರಿಗೆ ಕೇಳಿದೆ, ಎಲ್ಲಿಂದ ಎಲ್ಲಿಯ ತನಕ ಹೊತ್ತೆ, ಎಷ್ಟು ವರ್ಷ ಹೊತ್ತೆ, ಮಳೆ ಬಂದರೆ ಏನು ಮಾಡುತ್ತಿದ್ದೆ, ಬರಿ ಅವ್ವಾ, ಬರಿ. ಅವಳು ಮತ್ತೆ ಪೆನ್ನು ಊರಿದಳು. ಒಂದು ಗೀಚು ಬಿತ್ತು, ಇನ್ನೊಂದು ಗೀಚು ಬಿತ್ತು, ಅಕ್ಷರವಾಗಲಿಲ್ಲ. ಪೆನ್ನನ್ನು ಹಾಳೆಯ ಮೇಲೆ ಮಲಗಿಸಿದಳು.

"ಕೈ ಒಲ್ಲೆ ಅಂತದ. ಉಳಿದಿದ್ದು ನಾ ಹೇಳ್ತೀನಿ, ನೀ ಬರ್ಕೋ."

ಈಗ ಅವಳು ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಅಷ್ಟಾದರೂ ಆಯಿತಲ್ಲ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ನನಗೆ ಸಮಾಧಾನವಿಲ್ಲ. ಎರಡು ವರ್ಷದ ಹಿಂದೆ ಅವಳು ಸೂಜಿಗೆ ತಾನೇ ದಾರ ಪೋಣಿಸುತ್ತಿದ್ದಳು. ಅವತ್ತು ನಾನೊಂದು ಸುಳ್ಳುಪಳ್ಳು ಗೀಚಿಕೊಂಡು ಹೋಗಿ ಅವಳ ಮುಂದೆ ಹಿಡಿದಿದ್ದರೆ ಸಾಕಿತ್ತು, ತಪ್ಪು ತಿದ್ದುವುದಕ್ಕಾದರೂ ಪುಟಗಟ್ಟಲೆ ಬರೆಯುತ್ತಿದ್ದಳು.