ಬೀಗ ತೆಗೆಸಿದ ಮುಸರತ್ ಮೇಡಂ

ಮಂಡ್ಯ ಸೀಮೆಯಲ್ಲಿ ಕೊಡುಗೈಗಳಿಗೆ ಎಂದೂ ಬರವಿರಲಿಲ್ಲ. ಕೊಟ್ಟದ್ದು ಬಳಕೆಗೆ ಬಂತೇ ಎಂದು ಮತ್ತೆ ಹೋಗಿ ನೋಡುವವರು ಮಾತ್ರ ಅಪರೂಪ. ಮದ್ದೂರಿನ ನಮ್ಮ ಸಿದ್ಧ ಉಡುಪು ಕಾರ್ಖಾನೆಯ ಸಿ.ಎಸ್.ಆರ್. ವಿಭಾಗವನ್ನು ಕಟ್ಟಿ ಬೆಳೆಸಿ, ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಮುಸರತ್ ಅವರು ಅಂಥ ಅಪರೂಪದವರು.

ಗುತ್ತಲಿನ ಪಂಪ್‌ಸೆಟ್ ಮೆಕ್ಯಾನಿಕ್ ಶೌಕತ್ ಅಲಿಯವರ ಮಗಳು ಕಾರ್ಖಾನೆಗೆ ಸೇರಿದ್ದು ಟೈಪಿಸ್ಟಾಗಿ. ಲಾಭದಲ್ಲೊಂದು ಪಾಲನ್ನು ಕಂಪನಿಗಳು ಸಮಾಜಕ್ಕೆ ವಿನಿಯೋಗಿಸಬೇಕೆಂಬ ಕಾನೂನು ಬಂದಾಗ, ದೊಡ್ಡ ಪದವಿಯವರೆಲ್ಲ ನುಣ್ಣಗೆ ಜಾರಿಕೊಂಡು ಆ ಹೊಣೆಯನ್ನು ಇವರ ಮೇಜಿಗೆ ತಳ್ಳಿದರು. ಊರೆಲ್ಲ ‘ಮೇಡಂ’ ಎಂದಿತು. ನಂಬಿಕೆ ಬಾರದ್ದು ಅವರೊಬ್ಬರಿಗೇ. ನಿಜವಾದ ಅಧಿಕಾರಿ ಯಾರೋ ಬಂದು ‘ಏಳಮ್ಮ’ ಎಂದಾರೆಂಬ ಅಳುಕಿನಿಂದ ಕುರ್ಚಿಯ ಅಂಚಿನಲ್ಲೇ ಕೂರುತ್ತಿದ್ದರು.

ಮೊದಲ ಕೆಲಸ ಹಲಗೂರಿನ ಕಡೆಯ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯ. ಟೇಪು ಕತ್ತರಿಸಿದ್ದಾಯಿತು, ಪತ್ರಿಕೆಯಲ್ಲಿ ಫೋಟೋ ಬಂತು. ಕೆಲವು ತಿಂಗಳ ನಂತರ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋಗಿ ನೋಡಿದರೆ ಬಾಗಿಲಿಗೆ ಬೀಗ! ಹುಡುಗಿಯರು ಎಂದಿನಂತೆ ಕಬ್ಬಿನ ಗದ್ದೆಯತ್ತ ಹೋಗುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಇಂದ್ರಮ್ಮನವರು ಹೆಮ್ಮೆಯಿಂದಲೇ ಬೀಗ ತೆಗೆದು ತೋರಿಸಿದರು: “ನೋಡಿ ಮೇಡಂ, ಕೊಟ್ಟಾಗ ಎಂಗಿತ್ತೋ ಅಂಗೇ ಐತೆ. ನೀವು ಬಂದಾಗ ಗಲೀಜಾಗಿದ್ರೆ ನಮ್ಗೇನ್ ಮರ್ಯಾದೆ?”

ಮುಸರತ್ ಮರಳಿ ಬಸ್ಸು ಹತ್ತಿದರು. ಇಷ್ಟೂ ತಿಳಿಯದವಳಿಗೆ ಈ ಕೆಲಸವೇಕೆ ಎಂದು ದಾರಿಯುದ್ದಕ್ಕೂ ಅತ್ತರು; ರಾಜೀನಾಮೆ ಕೊಡುವುದೆಂದೇ ನಿಶ್ಚಯಿಸಿ ಮನೆ ಸೇರಿದರು. ತಾಯಿ ಮಹಬೂಬ್ ಬೀ ಎಂದಿನ ಸ್ಟೀಲ್ ಲೋಟದಲ್ಲಿ ಟೀ ತಂದಿಟ್ಟರು. ಎದುರಿನ ಶೋಕೇಸಿನಲ್ಲಿ ಮದುವೆಯಲ್ಲಿ ಬಂದ ಪಿಂಗಾಣಿ ಕಪ್ಪುಗಳು ಮಿರಮಿರನೆ ಮಿಂಚುತ್ತಿದ್ದವು. ನೆಂಟರಿಗೆಂದು ಇಟ್ಟವು, ಯಾವ ನೆಂಟನ ತುಟಿಗೂ ತಾಕಿರಲಿಲ್ಲ. ಇಂದ್ರಮ್ಮನವರ ಮೇಲಿನ ಸಿಟ್ಟು ಅಲ್ಲೇ ಇಳಿಯಿತು. ಕೊಟ್ಟವರು ಫೋಟೋ ತೆಗೆಸಿಕೊಂಡು ಹೋದರೆ, ವಸ್ತು ಕೊಟ್ಟವರದಾಗಿಯೇ ಉಳಿಯುತ್ತದೆ ಎಂಬುದು ಹೊಳೆಯಿತು. ರಾಜೀನಾಮೆಯ ಮಾತು ಅವರ ಬಾಯಿಂದ ಹೊರಡಲೇ ಇಲ್ಲ.

ಮರುವಾರವೇ ಹಲಗೂರಿಗೆ ಹೋಗಿ ಆ ಬೀಗ ತೆಗೆಸಿದರು. ಬೆಳಕವಾಡಿಯ ಕಡೆ ಕಟ್ಟಿದ ಮುಂದಿನ ಶೌಚಾಲಯದ ಕೀಲಿಯನ್ನು, ಉದ್ಘಾಟನೆಗೆ ಕಾಯದೆ, ಮಕ್ಕಳ ಕೈಗೇ ಕೊಟ್ಟರು. ಮೇಲಿನವರ ಅಪ್ಪಣೆ ಕೇಳಿರಲಿಲ್ಲ. ಬೆಂಗಳೂರಿನಿಂದ ನಿರ್ದೇಶಕರು ಕತ್ತರಿ ಹಿಡಿದು ಬಂದ ದಿನ ನೆಲ ಒದ್ದೆ, ಗೋಡೆಗೆ ಕೆಸರಿನ ಕೈಗುರುತು. ಇವತ್ತಿಗೆ ನನ್ನ ಕೆಲಸ ಮುಗಿಯಿತು ಎಂದು ಮುಸರತ್ ಅಂದುಕೊಂಡರು. ನಿರ್ದೇಶಕರು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ರೂಪ ಎಂಬ ಹುಡುಗಿ ಅಡ್ಡ ನಿಂತಳು:

“ಸಾರ್, ನಿಂತ್ಕಳಿ! ಒಳ್ಗೆ ಉಡ್ಗೀರವ್ರೆ!”

ನಿರ್ದೇಶಕರು ಕತ್ತರಿ ಹಿಡಿದೇ ಕಾದರು. ಒಬ್ಬಳು ಬಂದಳು, ಇನ್ನೊಬ್ಬಳು ಹೋದಳು. ಕೊನೆಗೆ ಅವರಿಗೇ ನಗು ತಡೆಯಲಾಗಲಿಲ್ಲ. “ಮುಸರತ್ ಮೇಡಂ, ಉದ್ಘಾಟನೆ ಆಗಿಹೋಗಿದೆಯಲ್ಲ! ಇನ್ನು ಮುಂದೆ ಎಲ್ಲ ಊರಲ್ಲೂ ಹೀಗೇ ಮಾಡಿ” ಎಂದರು. ಅಂದು ‘ಅಬ್ಬಾ’ ಎಂದು ಬಿಟ್ಟ ಉಸಿರೇ ಮುಂದಿನ ವರ್ಷಗಳಿಗೆಲ್ಲ ಬಲವಾಯಿತೆಂದು ಮುಸರತ್ ಇಂದಿಗೂ ಹೇಳುತ್ತಾರೆ. ಮರುದಿನದಿಂದ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತರು. ಮಳವಳ್ಳಿಯ ಹೊಲಿಗೆ ತರಬೇತಿ ಕೇಂದ್ರ, ಮಂಡ್ಯದ ಓದುಮನೆ ಎಲ್ಲವೂ ಬಳಕೆಯಾದ ಮೇಲೆಯೇ ಉದ್ಘಾಟನೆ ಕಂಡವು. ಹೊಸಬರು ಕೆಲಸ ಕೆಡಿಸಿ ಮುಖ ಸಣ್ಣದು ಮಾಡಿಕೊಂಡಾಗ, ಮುಸರತ್ ಗದರದೆ ಹಲಗೂರಿನ ಬೀಗದ ಕಥೆ ಹೇಳುತ್ತಿದ್ದರು.

ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದ ಕೆಲಸಕ್ಕೆ ಮೊನ್ನೆ ಗುತ್ತಲಿಗೆ ಹೋದವರಿಗೆ ಪಿಂಗಾಣಿ ಕಪ್ಪಿನಲ್ಲಿಯೇ ಟೀ ಬಂತು. ಒಂದರ ಹಿಡಿ ಮುರಿದಿತ್ತು. ಮಹಬೂಬ್ ಬೀ ನಕ್ಕರು: “ಒಡುದ್ರೆ ಒಡೀಲಿ ಬುಡಿ. ಕುಡಿಯಕ್ಕೇ ಅಲ್ವಾ ಇರಾದು?”

ಮುಸರತ್ ಅವರಿಗೆ ಆಯುರಾರೋಗ್ಯ ತುಂಬಿ ಬರಲಿ. ಹಾರ ಹಾಕಿ, ಶಾಲು ಹೊದಿಸಿ ಅವರನ್ನು ಶೋಕೇಸಿನಲ್ಲಿ ಕೂರಿಸುವ ಉದ್ದೇಶ ನಮಗಿಲ್ಲ. ಸೋಮವಾರ ಮಳವಳ್ಳಿಯಲ್ಲಿ ಹೊಸ ಕಟ್ಟಡದ ಪಾಯ. ಬೆಳಿಗ್ಗೆಯೇ ಅವರ ಮನೆಗೆ ಗಾಡಿ ಕಳಿಸುತ್ತೇವೆ.