ಲೆನ್ಸಿನ ಮಾತು, ಖಾಲಿ ಫ್ಲಾಶು

ಆ ಲೆನ್ಸಿನ ವಿಷಯ ನೆನಪಾದರೆ ನನಗೆ ಈಗಲೂ ವಾಕರಿಕೆ ಬರುತ್ತದೆ. ಲೆನ್ಸಿನದೇನೂ ತಪ್ಪಿಲ್ಲ, ಪಾಪ. ಅದನ್ನು ನಾನು ಕಣ್ಣಿಂದ ಕಂಡವನೂ ಅಲ್ಲ. ಅದರ ಹೆಸರಿನಲ್ಲಿ ಒಂದಿಡೀ ಮಧ್ಯಾಹ್ನ ಜೊಲ್ಲು ಸುರಿಸಿಕೊಂಡು ಕೂತಿದ್ದ ನಮ್ಮನ್ನು ನೆನೆಸಿಕೊಂಡರೆ ಹೇಸಿಗೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸ್ಟುಡಿಯೋ ಇತ್ತು. ರೀಲು, ಆಲ್ಬಮ್ಮು, ಬ್ಯಾಟರಿ ಮಾರುವವನ ವ್ಯಾನು ಚಿಕ್ಕಮಗಳೂರಿನಿಂದ ಪ್ರತಿ ಬುಧವಾರ ಕೊಪ್ಪಕ್ಕೆ ಬರುತ್ತಿತ್ತು. ಅದಕ್ಕೆ ಕಾಯುವ ನೆಪದಲ್ಲಿ ಶೃಂಗೇರಿಯ ಫೋಟೋಗ್ರಾಫರ್ ಒಬ್ಬ, ನರಸಿಂಹರಾಜಪುರದವನೊಬ್ಬ ನನ್ನ ಅಂಗಡಿಯಲ್ಲಿ ಬಂದು ಕೂರುತ್ತಿದ್ದರು. ಮೂವರಿಗೂ ಸುತ್ತಲಿನ ಮದುವೆ, ಗೃಹಪ್ರವೇಶಗಳೇ ಜೀವನ.

ಆ ಬುಧವಾರ ಶೃಂಗೇರಿಯವನು ಇಂಟರ್ನೆಟ್ಟಿನಿಂದ ತೆಗೆಸಿದ ಹಾಳೆಯೊಂದನ್ನು ದೇವರ ಪ್ರಸಾದದಂತೆ ಮಡಚಿ ತಂದಿದ್ದ. ಯಾವುದೋ ದೊಡ್ಡ ಕಂಪನಿ ಹೊಸದಾಗಿ ಘೋಷಿಸಿದ ವೈಡ್ ಆಂಗಲ್ ಲೆನ್ಸಿನ ಚಿತ್ರ ಅದು, ಕಪ್ಪುಬಿಳುಪು ಪ್ರಿಂಟು, ಅರ್ಧ ಮಸುಕು.

"ನೋಡಾ ಮಾರಾಯ, ಮುಂದಿನ ಗಾಜು ಹ್ಯಾಂಗೆ ಉಬ್ಬಿದೆ ಅಂತ! ಫೋಟೋದ ಮೂಲೆಲೂ ಶಾರ್ಪ್ ಅಂತೆ, ಮೂಲೆಲೂ!"

"ಉಬ್ಬಿದ್ರೆ ಫಿಲ್ಟರ್ ಎಲ್ಲಿಗೆ ಹಾಕ್ತಿಯಾ, ನಿನ್ನ ತಲೆಗಾ?" ಎಂದ ನರಸಿಂಹರಾಜಪುರದವನು. "ನಮ್ಮ ಮಳೆಗೆ ಎರಡೇ ವರ್ಷ, ಒಳಗೆ ಫಂಗಸ್ ಬಂದು ಕೂರ್ತದೆ. ಆ ದುಡ್ಡಿಗೆ ಒಂದು ಹಳೇ ಜೀಪು ಬರ್ತದೆ, ಗೊತ್ತುಂಟಾ?"

ಹೀಗೇ ಒಂದು ಗಂಟೆ. ಕೊಳ್ಳುವ ಯೋಗ್ಯತೆ ಮೂವರಲ್ಲಿ ಒಬ್ಬನಿಗೂ ಇಲ್ಲ. ಅದನ್ನು ಹಾಕುವಂಥ ಕ್ಯಾಮೆರಾ ಕೂಡ ನಮ್ಮ ಹತ್ತಿರ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಹಾಗಂತ ನಾನೇನು ಸುಮ್ಮನಿದ್ದೆನೆ? ಎಲೆ ಅಡಿಕೆ ತುಂಬಿದ ಬಾಯಿಯಲ್ಲಿ ದೊಡ್ಡ ತಜ್ಞನ ಹಾಗೆ ಹೇಳಿದೆ: "ಅದೊಂದು ಇದ್ರೆ ಇಡೀ ಚಪ್ಪರ ಒಂದೇ ಫೋಟೋಕ್ಕೆ ಬರ್ತದೆ. ಒಂದು ಜನಾನೂ ಬಿಟ್ಟು ಹೋಗಲ್ಲ."

ಆಗ ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಮೂವತ್ತರ ಆಸುಪಾಸು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು.

"ಅಣ್ಣಾ, ನಾನು ಇಲ್ಲೇ ಪಕ್ಕದ ನಾರ್ವೆ ಊರಿಂದ ಬಂದೆ. ನಮ್ಮ ಅವ್ವ ತೀರಿಹೋದ್ಲು. ನಾಳಿದ್ದು ತಿಥಿ. ಎಡೆ ಇಡಕ್ಕೆ ಒಂದು ಫೋಟೋ ಬೇಕಿತ್ತು."

"ಹಳೇ ಫೋಟೋ ತಂದಿದೀಯೇನಮ್ಮ? ದೊಡ್ಡದು ಮಾಡಿ ಕೊಡ್ತೀನಿ."

"ಫೋಟೋ ನಿಮ್ಮತ್ರಾನೇ ಇರದು. ಎರಡು ವರ್ಷದ ಹಿಂದೆ ನಾವು ಕೆಲಸಕ್ಕೆ ಹೋಗೋ ಮನೆ ಮದುವೇಲಿ ನೀವೇ ಹೊಡೆದಿದ್ರಿ. ಊಟದ ಚಪ್ಪರದ ಹಿಂದೆ, ಪಾತ್ರೆ ತೊಳೆಯೋ ಹತ್ರ. ಅವರ ಆಲ್ಬಮ್ಮಲ್ಲಿ ಹುಡುಕಿದೆ, ಇಲ್ಲ. ಹಾಕದೆ ಉಳಿದದ್ದು ಫೋಟೋದವರ ಹತ್ರ ಇರ್ತದೆ, ಕೇಳು ಅಂದ್ರು."

ನನಗೆ ಕೂತಲ್ಲೇ ಗೊತ್ತಾಯಿತು. ಆ ಫೋಟೋ ಇರಲು ಸಾಧ್ಯವೇ ಇರಲಿಲ್ಲ.

ನಮ್ಮ ಕಸುಬಿನಲ್ಲಿ ಖಾಲಿ ಫ್ಲಾಶು ಎಂಬ ಒಂದು ಕೆಟ್ಟ ವಿದ್ಯೆ ಇತ್ತು. ರೀಲಿಗೆ ಮೂವತ್ತಾರೇ ಫೋಟೋ. ಇಷ್ಟೇ ರೀಲು ಎಂದು ಮದುವೆ ಮನೆಯವರು ಮೊದಲೇ ಹೇಳಿರುತ್ತಾರೆ. ಕೊನೆಗೆ ಅಡುಗೆಯವರು, ಕೆಲಸದವರು, ದೂರದ ನೆಂಟರು "ನಮ್ದೂ ಒಂದು" ಎಂದು ಸೆರಗು ಸರಿಮಾಡಿಕೊಂಡು ನಿಲ್ಲುತ್ತಾರೆ. ಇಲ್ಲ ಎಂದರೆ ನಿಷ್ಠುರ. ಹಾಗಾಗಿ ಕ್ಯಾಮೆರಾ ಎತ್ತಿ, ಫ್ಲಾಶಿನ ಹಿಂದಿರುವ ಗುಂಡಿ ಒತ್ತಿಬಿಡುವುದು. ಬೆಳಕು ಬರುತ್ತದೆ, ಫೋಟೋ ಬರುವುದಿಲ್ಲ. ಅವರಿಗೂ ಖುಷಿ, ನಮಗೂ ರೀಲು ಉಳಿಯಿತು. ಕೆಲಸ ಕಲಿಸಿದವರು ನನಗೆ ಮೊದಲು ಕಲಿಸಿದ್ದೇ ಇದನ್ನು. ಯಾರೂ ಇದನ್ನು ಮೋಸ ಎಂದು ಕರೆದದ್ದಿಲ್ಲ, ನಾನೂ ಕರೆಯಲಿಲ್ಲ.

ಏನು ಹೇಳುವುದು ಎಂದು ನಾನು ಬಾಯಿ ತೆರೆಯುವ ಮೊದಲೇ ಶೃಂಗೇರಿಯವನು ನೆರವಿಗೆ ಬಂದ. "ಎರಡು ವರ್ಷದ್ದಾ? ನೆಗೆಟಿವ್ ಎಲ್ಲ ಮಳೆಗೆ ಹಾಳಾಗಿರ್ತದಮ್ಮ."

"ಹೌದೌದು, ಬೂಷ್ಟು ಹಿಡೀತದೆ," ಎಂದ ಇನ್ನೊಬ್ಬ. ಹೇಳುವಾಗ ಆ ಹಾಳೆಯಿಂದ ತಲೆ ಕೂಡ ಎತ್ತಲಿಲ್ಲ. ಥೂ! ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ನಾನೂ ತಲೆಯಾಡಿಸಿದೆ.

ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಗೋಡೆಯ ಮೇಲಿದ್ದ ಮದುಮಕ್ಕಳ ಫೋಟೋಗಳನ್ನು ನೋಡಿದಳು.

"ಹೋಗ್ಲಿ ಬಿಡಿ. ಒಂದು ಕೇಳ್ಲಾ ಅಣ್ಣ? ನೀವು ಕ್ಯಾಮೆರಾದಲ್ಲಿ ನೋಡಿದ್ರಲ್ಲ, ಅವ್ವ ಹ್ಯಾಂಗೆ ಕಂಡಿದ್ಲು?"

ನಾನು ಕ್ಯಾಮೆರಾಕ್ಕೆ ಕಣ್ಣನ್ನೇ ಇಟ್ಟಿರಲಿಲ್ಲ. ಖಾಲಿ ಫ್ಲಾಶಿಗೆ ಯಾರು ಇಡುತ್ತಾರೆ? ಆದರೂ ಇಷ್ಟಕ್ಕೆ ಸಮಾಧಾನವಾಗಿ ಹೋಗಲಿ ಎಂದುಕೊಂಡು, "ಚೆನ್ನಾಗಿ ಕಂಡಿದ್ರಮ್ಮ. ನಗ್ತಾ ಇದ್ರು," ಎಂದೆ.

ಅವಳು ನನ್ನನ್ನು ನೋಡಿದಳು. "ಇಲ್ಲ ಅಣ್ಣ. ಅವ್ವ ನಗ್ಲಿಲ್ಲ. ಮುಂದಿನ ಎರಡು ಹಲ್ಲು ಹೋಗಿತ್ತು ಅಂತ ಬಾಯಿ ಬಿಗಿ ಮುಚ್ಕೊಂಡೇ ನಿಂತಿದ್ಲು. ನಾನು ಪಕ್ಕದಲ್ಲೇ ಇದ್ದೆ."

ಬಾಯಲ್ಲಿದ್ದ ಎಲೆ ಅಡಿಕೆ ಕಹಿಯಾಯಿತು. ಹೊರಗೆ ಹೋಗಿ ಉಗಿದು ಬಂದೆ. ಬಂದಾಗಲೂ ಅವಳು ಹಾಗೇ ನಿಂತಿದ್ದಳು. ಇನ್ನು ನನ್ನಿಂದ ಆಗಲಿಲ್ಲ.

"ಅವತ್ತು ಫೋಟೋ ತೆಗೆದೇ ಇಲ್ಲ ಕಣಮ್ಮ," ಎಂದೆ. "ರೀಲು ಉಳಿಸ್ಬೇಕಿತ್ತು. ಬರೀ ಲೈಟು ಹೊಡೆದೆ."

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ನರಸಿಂಹರಾಜಪುರದವನು, ಯಾಕೆ ಮಾರಾಯ ಬಾಯಿಬಿಟ್ಟೆ ಎನ್ನುವ ಹಾಗೆ ನನ್ನ ಕಡೆ ಹುಬ್ಬು ಗಂಟಿಕ್ಕಿದ. ಅವಳು ಚಪ್ಪಲಿ ಮೆಟ್ಟಿಕೊಂಡು, ಕಟ್ಟೆಯಿಂದ ಇಳಿದು, ಮತ್ತೆ ತಿರುಗಿದಳು.

"ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲ ಅಣ್ಣ. ಆಮೇಲೂ ಎರಡು ವರ್ಷ ಇದ್ಲು ಅವ್ವ. ಕೊಪ್ಪಕ್ಕೆ ಕರ್ಕೊಂಡು ಬಂದು ತೆಗೆಸ್ತಿದ್ದೆ. ಒಂದು ಇದೆಯಲ್ಲ ಅಂತ ಸುಮ್ಮನಿದ್ವಿ."