ಬೀಗದವನ ಬೈತಲೆ

ಮೂವತ್ತು ವರ್ಷ ಅಚ್ಚುಮೊಳೆ ಜೋಡಿಸಿದವಳಿಗೆ ಅಕ್ಷರ ಉಲ್ಟಾ ಕಂಡರೇ ಸಲೀಸು. ಸೀಸದ ಮೊಳೆಗಳ ಮೇಲೆ ಅಕ್ಷರಗಳೆಲ್ಲ ಕನ್ನಡಿಯೊಳಗಿನಂತೆ ತಿರುಗಿಕೊಂಡಿರುತ್ತವೆ. ಅವನ್ನು ಅವಳು ಪೇಪರ್ ಓದಿದಷ್ಟೇ ಸರಾಗವಾಗಿ ಓದುತ್ತಿದ್ದಳು. ಪ್ರೆಸ್ಸಿನವರು ಅದಕ್ಕೇ ಉಲ್ಟಕ್ಕ ಎಂದು ಹೆಸರಿಟ್ಟರು. ಹೆಸರು ಪ್ರೆಸ್ಸಿನ ಬಾಗಿಲು ದಾಟಿ ಬೀದಿಗೆ ಬಂತು, ಕೊನೆಗೆ ಒಡಹುಟ್ಟಿದ ಅಕ್ಕನ ಬಾಯಿಗೂ ಹತ್ತಿತು.

ಪ್ರೆಸ್ಸಿಗೆ ಕಂಪ್ಯೂಟರ್ ಬಂದಾಗ ಅವಳಿಗೆ ಐವತ್ತೆರಡು. ಹೋಗುವಾಗ ಏನು ಬೇಕೋ ಕೇಳು ಎಂದರು ಯಜಮಾನರು. ಗೋಡೆ ಗಡಿಯಾರ ಕೇಳುತ್ತಾಳೆ ಅಂದುಕೊಂಡಿದ್ದರು. ಅವಳು ಕೇಳಿದ್ದು ಮಸಿ ಹಚ್ಚುವ ರೋಲರು, ಅರೆಬರೆ ಖಾಲಿಯಾದ ಬಣ್ಣದ ಡಬ್ಬಿಗಳು, ಮೂಲೆಯಲ್ಲಿ ಸುತ್ತಿಟ್ಟಿದ್ದ ಲಿನೋಲಿಯಂ ನೆಲಹಾಸಿನ ಸುರುಳಿ. ಎಲ್ಲವನ್ನೂ ಆಟೋದಲ್ಲಿ ತುಂಬಿ ಮನೆಗೆ ತಂದಳು.

ಮನೆಯಲ್ಲಿ ಅಕ್ಕತಂಗಿಯರಿಬ್ಬರೇ. ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಮಿಷನ್ನು, ಹಿಂದಿನದರಲ್ಲಿ, ಕಿಟಕಿಗೆ ಒತ್ತಿಕೊಂಡು, ತಂಗಿಯ ಮೇಜು. ಲಿನೋಲಿಯಂ ಕೊರೆದು, ಬಣ್ಣ ಹಚ್ಚಿ, ಮೇಲೆ ಕಾಗದ ಹಾಸಿ, ಸೌಟಿನ ಬೆನ್ನಿನಿಂದ ಉಜ್ಜಿ ಉಜ್ಜಿ ಚಿತ್ರ ಇಳಿಸುವುದನ್ನು ಅವಳು ತಾನೇ ಕಲಿತಳು.

"ನನ್ನ ಸೌಟು ಎಲ್ಲಿ ಹೋಯ್ತೇ?" ಎಂದಳು ಅಕ್ಕ.

"ಅದಕ್ಕೆ ಬಡ್ತಿ ಸಿಕ್ಕಿದೆ ಕಣಕ್ಕ. ಇನ್ನು ಅಡುಗೆಮನೆಗೆ ಬರಲ್ಲ."

ಎರಡು ವರ್ಷ ಕುರ್ಚಿ, ಬೆಕ್ಕು, ಬಟ್ಟೆ ಒಣಹಾಕಿದ ಹಗ್ಗ ಇಂಥವನ್ನೇ ಕೊರೆದಳು. ಆಮೇಲೆ ಮನುಷ್ಯರ ಮುಖ ಮಾಡುವ ಆಸೆಯಾಯಿತು. ಬೀದಿ ತುದಿಯಲ್ಲಿ ಬೀಗ ರಿಪೇರಿ ಮಾಡುವವನು ನಾಲ್ಕು ಮಧ್ಯಾಹ್ನ ಕೂತು ಚಿತ್ರ ಬರೆಸಿಕೊಂಡ. ಎಡಕ್ಕೆ ಬೈತಲೆ. ಎಡ ಹುಬ್ಬಿನ ನಡುವೆ, ಕೀಲಿ ಉಜ್ಜುವ ಅರ ಸಿಡಿದು ಬಿದ್ದ ಹಳೆಯ ಗಾಯದ ಗೆರೆ.

ಮೂರು ಬಣ್ಣ, ಹನ್ನೆರಡು ಹಾಳೆ ಎಂದು ನಿರ್ಧರಿಸಿದಳು. ಅಚ್ಚು ಒಂದೇ. ಮೊದಲು ತಿಳಿ ಬಣ್ಣವನ್ನು ಹನ್ನೆರಡೂ ಹಾಳೆಗೆ ಒತ್ತಬೇಕು, ಅದೇ ಅಚ್ಚನ್ನು ಇನ್ನಷ್ಟು ಕೊರೆದು ಎರಡನೇ ಬಣ್ಣ, ಮತ್ತೂ ಕೊರೆದು ಮೂರನೆಯದು. ಕೊನೆಗೆ ಅಚ್ಚಿನಲ್ಲಿ ಉಳಿಯುವುದು ನಾಲ್ಕು ಕಪ್ಪು ಗೆರೆ ಮಾತ್ರ. ಹಿಂದೆ ಹೋಗುವ ದಾರಿಯೇ ಇಲ್ಲ.

ಮೂರನೇ ಬಣ್ಣದ ಮೊದಲ ಹಾಳೆ ಎತ್ತಿದಾಗ ಅಕ್ಕ ಅಳತೆ ಟೇಪು ಕೊರಳಲ್ಲೇ ಇಟ್ಟುಕೊಂಡು ಬಂದು ನೋಡಿದಳು.

"ಇವನ್ಯಾರೇ, ಬೀಗದವನ ತಮ್ಮನಾ?"

"ಯಾಕೆ?"

"ಬೈತಲೆ ಬಲಕ್ಕೆ ಹೋಗಿದೆ. ಗಾಯಾನೂ."

ಉಲ್ಟಕ್ಕ ಹಾಳೆಯನ್ನು ಅಚ್ಚಿನ ಪಕ್ಕಕ್ಕಿಟ್ಟು ನೋಡಿದಳು. ಬರೆದ ಚಿತ್ರವನ್ನು ಇದ್ದ ಹಾಗೆಯೇ ಲಿನೋಲಿಯಂ ಮೇಲೆ ಇಳಿಸಿಬಿಟ್ಟಿದ್ದಳು. ಮೊಳೆಯಾದರೆ ಕಾರ್ಖಾನೆಯಲ್ಲೇ ತಿರುಗಿ ಎರಕವಾಗಿ ಬರುತ್ತಿತ್ತು. ಮುಖವನ್ನು ತಾನೇ ತಿರುಗಿಸಬೇಕು. ಬೆಕ್ಕು ಯಾವ ಕಡೆ ತಿರುಗಿದರೂ ಬೆಕ್ಕೇ ಆದ್ದರಿಂದ ಅದು ಇಷ್ಟು ದಿನ ಗೊತ್ತೇ ಆಗಿರಲಿಲ್ಲ.

"ಹರಿದು ಹಾಕು, ಯಾರಿಗೂ ಗೊತ್ತಾಗಲ್ಲ," ಎಂದಳು ಅಕ್ಕ.

"ಹರಿಯೋ ಅಂಥದ್ದು ಏನಾಗಿದೆ? ಬಣ್ಣ ನೋಡು, ಹೇಗೆ ಕೂತಿದೆ. ತಪ್ಪು ನಂದು, ಅವನಿಗೇ ಹೇಳ್ತೀನಿ."

ಉಳಿದ ಹನ್ನೊಂದನ್ನೂ ಒತ್ತಿ ಮುಗಿಸಿಯೇ ಎದ್ದಳು. ಬಣ್ಣ ಒಣಗಿದ ಮೇಲೆ ಒಂದು ಹಾಳೆ ಹಿಡಿದು ಅಂಗಡಿಗೆ ಹೋದಳು. ಬೀಗದವನು ಬಾಯಿಯಲ್ಲಿದ್ದ ಸ್ಕ್ರೂ ತೆಗೆದಿಟ್ಟು ನೋಡಿದ.

"ಥೇಟ್ ನಾನೇ ಅಕ್ಕ. ಹೀಗೇ ಇದೀನಿ."

ಒಳಗಿಂದ ಬಂದ ಅವನ ಹೆಂಡತಿ ತಲೆಯಾಡಿಸಿದಳು. "ಇವರ ಥರಾನೇ ಇದೆ. ಆದ್ರೆ ಇವರಲ್ಲ."

"ನನ್ನ ಮುಖ ನನಗೆ ಗೊತ್ತಿಲ್ವಾ? ದಿನಾ ಗಡ್ಡ ಕೆರ್ಕೊಳೋನು ನಾನು."

"ದಿನಾ ನೋಡೋಳು ನಾನು."

ಉಲ್ಟಕ್ಕ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. ಪಾಪ, ಅವನು ತನ್ನ ಮುಖವನ್ನು ಕಂಡದ್ದೆಲ್ಲ ಕನ್ನಡಿಯಲ್ಲಿ. ಅವಳಿಗೆ ನಗು ತಡೆಯಲಾಗಲಿಲ್ಲ. ಆದದ್ದೇನೆಂದು ಬಿಡಿಸಿ ಹೇಳಿ, "ಇಬ್ಬರೂ ಹೇಳ್ತಿರೋದು ಸರಿ," ಎಂದಳು. "ಇದು ನಿನ್ನದು ಕಣಪ್ಪ. ನಿನ್ನ ಹೆಂಡತಿ ನೋಡೋ ಮುಖ ಇನ್ನು ಮೇಲೆ ಮಾಡ್ಬೇಕು."

ಮಾಡಿದಳು. ಈ ಸಲ ಚಿತ್ರದ ಹಾಳೆಯನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿದು ಹಿಂಬದಿಯಿಂದ ಗೆರೆ ತೆಗೆದುಕೊಂಡಳು. ಹೊಸ ತುಂಡು, ಅವೇ ಮೂರು ಬಣ್ಣ, ಮತ್ತೆ ಹನ್ನೆರಡು ಹಾಳೆ. ಹೆಬ್ಬೆರಳಿನಲ್ಲಿ ಬೊಬ್ಬೆ ಬಂತು, ಬಟ್ಟೆ ಸುತ್ತಿಕೊಂಡು ಕೊರೆದಳು.

ಲೈಬ್ರರಿಯ ಹಾಲಿನಲ್ಲಿ ನಡೆದ ಚಿತ್ರಪ್ರದರ್ಶನದಲ್ಲಿ ಎರಡನ್ನೂ ಅಕ್ಕಪಕ್ಕ ತೂಗುಹಾಕಿದಾಗ ಜನ ಮುಂದೆ ಹೋಗದೆ ಅಲ್ಲೇ ನಿಂತರು. ಯಾವುದು ಸರಿ ಎಂದು ಪಂಥ ಕಟ್ಟಿದರು. ಚಿತ್ರಕಲಾ ಶಾಲೆಯ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ತಮಗೂ ಒಂದೊಂದು ಒತ್ತಿಕೊಡಿ ಎಂದರು.

"ಆಗಲ್ಲ ಸರ್. ಹನ್ನೆರಡು ಅಂದ್ರೆ ಹನ್ನೆರಡೇ. ಅಚ್ಚು ಮುಗಿದುಹೋಯ್ತು."

"ಹಾಗಾದ್ರೆ ಕಲಿಸೋಕಾದ್ರೂ ಬನ್ನಿ."

ಈಗ ವಾರಕ್ಕೆರಡು ದಿನ ಅವಳು ಚಿತ್ರಕಲಾ ಶಾಲೆಗೆ ಹೋಗುತ್ತಾಳೆ. ಮೊದಲ ಪಾಠದಲ್ಲಿ ಬಣ್ಣ ಮುಟ್ಟಲು ಬಿಡಲಿಲ್ಲ. ವಿದ್ಯಾರ್ಥಿಗಳನ್ನು ಎದುರುಬದುರು ಕೂರಿಸಿ ಒಬ್ಬರ ಮುಖ ಇನ್ನೊಬ್ಬರಿಂದ ಬರೆಸಿದಳು. ಮುಗಿದ ಮೇಲೆ ತಪ್ಪು ಬರೆದವರ ಹಾಳೆಗಳನ್ನೇ ಆರಿಸಿ ಗೋಡೆಗೆ ಅಂಟಿಸಿ, "ಇವರಿಂದ ಶುರು ಮಾಡೋಣ," ಎಂದಳು.